ಹೊಲ ಅಡವಿಡುವ ಮುನ್ನ ಲೆಕ್ಕ ಹಾಕೋಣ



ಅಥಣಿ, ಕಾಗವಾಡ, ರಾಯಬಾಗದ ಕಬ್ಬಿನ ಊರುಗಳಲ್ಲೂ ಚಿಕ್ಕೋಡಿ, ನಿಪ್ಪಾಣಿಯ ಪೇಟೆಗಳಲ್ಲೂ ಈಗ ಕೇಳುವ ಮಾತು: ‘ಮಗನ್ನ ಫಾರೆನ್ನಿಗೆ ಓದಾಕ ಕಳಿಸಬೇಕು.’ ಈ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಳ್ಳೆಯ ಪ್ರಯೋಗಾಲಯ, ಓದಿನ ನಂತರ ಕೆಲಕಾಲ ದುಡಿಯುವ ಅವಕಾಶ, ಇಲ್ಲಿ ಕೈಗೆಟುಕದ ವೈದ್ಯಕೀಯ ಸೀಟು ಅಲ್ಲಿ ಸಿಗುತ್ತವೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದೂ ಈ ಭಾಗದ ಮಕ್ಕಳು ಓದಲೆಂದೇ. ಓದಿಗಾಗಿ ದೂರ ಹೋಗುವುದು ತಪ್ಪಲ್ಲ. ಲೆಕ್ಕವಿಲ್ಲದೆ ಹೋಗುವುದು ಅಪಾಯ.

ಎಸ್ಟಿಮೇಟ್ ಇಲ್ಲದೆ ಕಾಮಗಾರಿಗೆ ಕೈ ಹಾಕಬಾರದೆಂಬುದು ಎಂಜಿನಿಯರನಾಗಿ ನಾನು ಪಾಲಿಸಿದ ನಿಯಮ. ಕೆನಡಾ ಸರಕಾರ 2024ರ ಜನವರಿಯಿಂದ ಕಾಲೇಜು ಶುಲ್ಕ ಬಿಟ್ಟು ಒಂದು ವರ್ಷದ ಜೀವನಕ್ಕೇ 20,635 ಕೆನಡಾ ಡಾಲರ್ ತೋರಿಸಬೇಕೆಂದಿತು. ಮೊದಲು ಅದು 10,000 ಇತ್ತು. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ‘ಅಲ್ಲೇ ದುಡಿದು ಫೀ ಕಟ್ಟತಾನ’ ಎಂಬ ಏಜೆಂಟರ ಮಾತು ಈ ಲೆಕ್ಕಕ್ಕೆ ಕೂಡುವುದಿಲ್ಲ. ಸಾಲ 7.5 ಲಕ್ಷ ಮೀರಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ. ಕಬ್ಬಿನ ಬಿಲ್ಲು ತಡವಾದೀತು, ಸಾಲದ ಕಂತು ಕಾಯುವುದಿಲ್ಲ.

ವೈದ್ಯಕೀಯ ಓದಿಗೆ 2021ರ ನಿಯಮ ಇನ್ನೂ ಬಿಗಿ: ಇಂಗ್ಲಿಷಿನಲ್ಲಿ ಕನಿಷ್ಠ 54 ತಿಂಗಳ ಪಾಠ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಮರಳಿದ ಮೇಲೆ ಪರೀಕ್ಷೆ, ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ಇದನ್ನು ಸೇರುವ ಮೊದಲೇ ನೋಡಬೇಕು.

ಲೆಕ್ಕಕ್ಕೆ ಸಿಗದ ಕಷ್ಟಗಳೂ ಇವೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದ. ತಂದೆತಾಯಿ ಅವನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅದಕ್ಕಿಂತ ದೊಡ್ಡ ದಾಸೋಹ ಯಾವುದು? ಇನ್ನೆಷ್ಟೋ ಮಕ್ಕಳು ಹೋಟೆಲಿನಲ್ಲಿ ತಾಟು ತೊಳೆಯುವುದನ್ನು ಮನೆಗೆ ಹೇಳದೆ ಮುಚ್ಚಿಡುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲ ಎನ್ನುವ ನಾವು ಅವರಿಗೆ ಆ ಧೈರ್ಯ ಕೊಡಬೇಡವೇ?

ಮಠಗಳಲ್ಲಿ ನನ್ನ ವಿನಂತಿ: ತಿಂಗಳ ಶಿವಾನುಭವ ಗೋಷ್ಠಿಯ ನಂತರ ಒಂದು ತಾಸು ಇದಕ್ಕೆ ಮೀಸಲಿಡಿ. ಹೊರದೇಶದಲ್ಲಿ ಓದಿ ಬಂದವರು, ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು ಕೂಡಿ ಮೂರು ಪ್ರಶ್ನೆ ಕೇಳಲಿ: ಸಂಸ್ಥೆಗೆ ಮಾನ್ಯತೆ ಇದೆಯೇ? ಪೂರ್ತಿ ಖರ್ಚು ಎಷ್ಟು? ನೌಕರಿ ಸಿಗದಿದ್ದರೆ ಕಂತು ಯಾರು ಕಟ್ಟುತ್ತಾರೆ? ಹಿಂದೆ ಮಠದ ಪ್ರಸಾದ ನಿಲಯಗಳು ಬಡ ಮಕ್ಕಳಿಗೆ ಅನ್ನವಿಟ್ಟು ಓದಿಸಿದವು. ಇಂದಿನ ಮಕ್ಕಳಿಗೆ ಸರಿಯಾದ ತಿಳಿವಳಿಕೆಯೂ ಪ್ರಸಾದವೇ. ಲೆಕ್ಕ ಹಾಕಿಕೊಡಲು ನಾನು ಸಿದ್ಧ.