ಆಡಿದವರಿಗೆ ಬೆತ್ತ, ಬರೆದುಕೊಂಡವರಿಗೆ ಶಾಲು

ಮೂರನೇ ಕ್ಲಾಸಿನಲ್ಲಿದ್ದಾಗ ನಾನು ‘ಹಕ್ಕಿ’ ಅನ್ನೋದಕ್ಕೆ ‘ಅಕ್ಕಿ’ ಅಂದೆ. ‘ಅಕ್ಕಿ ಹಾರುತ್ತೇನೋ?’ ಅಂತ ಕೇಳಿ ಮೇಷ್ಟ್ರು ಅಂಗೈ ಮೇಲೆ ನಾಲ್ಕು ಬಾರಿಸಿದರು. ಮುಂದಿನ ಸಾಲು ನಕ್ಕಿತು. ನಮ್ಮವ್ವ ಮಾತು ಕಲಿತಾಗಿನಿಂದ ಹಾಗೇ ಅಂದವಳು. ಅವಳ ಒಂದು ಅಕ್ಕಿ ಹಾರುತ್ತಿತ್ತು, ಇನ್ನೊಂದು ಅಕ್ಕಿ ಬೇಯುತ್ತಿತ್ತು. ಯಾವುದು ಯಾವುದು ಅಂತ ನಮ್ಮ ಕೇರಿಯಲ್ಲಿ ಯಾರಿಗೂ ಗೊಂದಲ ಆಗಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಗೊತ್ತಾಯ್ತು, ನಮ್ಮಂಥವರ ಮಾತಿಗೂ ಶಾಸ್ತ್ರದಲ್ಲಿ ಜಾಗ ಇದೆ ಅಂತ. ಜಾತಿಯಿಂದ ಜಾತಿಗೆ ಕನ್ನಡ ಹೇಗೆ ಬೇರೆಯಾಗುತ್ತದೆ ಎಂದು ಅಮೆರಿಕದ ವಿಲಿಯಂ ಬ್ರೈಟ್ 1960ರಲ್ಲೇ ಬರೆದಿದ್ದರು. ಅದಕ್ಕೆ ‘ಸಾಮಾಜಿಕ ಉಪಭಾಷೆ’ ಅಂತ ಹೆಸರು. ಅದರ ಮೇಲೆ ಸೆಮಿನಾರು, ಡಾಕ್ಟರೇಟು, ಸನ್ಮಾನ. ಆಡಿದವನಿಗೆ ಬೆತ್ತ, ಬರೆದುಕೊಂಡವನಿಗೆ ಶಾಲು. ಇದು ಯಾವ ವ್ಯಾಕರಣ ಸ್ವಾಮಿ?

ಭಾಷಾವಿಜ್ಞಾನ ವಿಭಾಗಗಳಿಗೆ ಪ್ರಶಸ್ತಿ ಬಂದಾಗ ನಾವು ಹೊಟ್ಟೆ ಉರಿದುಕೊಳ್ಳಬೇಕಾಗಿಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ಕೇಂದ್ರದಲ್ಲಿ ಪಾಠ ಹೇಳಿದ ಅನ್ವಿತಾ ಅಬ್ಬಿಯವರಿಗೆ 2013ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ಅಮೆರಿಕದ ಭಾಷಾವಿಜ್ಞಾನ ಸಂಘ ಕೆನೆತ್ ಹೇಲ್ ಪ್ರಶಸ್ತಿ ಕೊಟ್ಟಿತು. ಅಂಡಮಾನಿಗೆ ಹೋಗಿ, ಕೊನೆಯುಸಿರಿನಲ್ಲಿದ್ದ ಗ್ರೇಟ್ ಅಂಡಮಾನೀ ಭಾಷೆಯ ನಿಘಂಟು, ವ್ಯಾಕರಣ ಕಟ್ಟಿದವರು ಆಕೆ. ಆಕೆ ಹೋಗದಿದ್ದರೆ ಆ ದನಿಯ ಗುರುತೂ ಉಳಿಯುತ್ತಿರಲಿಲ್ಲ. ನಮ್ಮ ಚಪ್ಪಾಳೆಯೂ ಇರಲಿ.

ಆದರೆ ಚಪ್ಪಾಳೆ ಮುಗಿದ ಮೇಲೆ ಒಂದು ಲೆಕ್ಕ ಕೇಳೋಣ. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ವಸಾಹತು ಹಾಕಿದಾಗ ಆ ಜನ ಸಾವಿರಾರು ಇದ್ದರು. ಅವರದು ಹತ್ತು ಭಾಷೆ. ‘ಅಂಡಮಾನ್ ಹೋಂ’ ಅಂತ ಕಟ್ಟಿ ಅವರನ್ನು ಕೂಡಿಹಾಕಿದರು. ಪರಂಗಿ ರೋಗ ಬಂತು, 1877ರಲ್ಲಿ ದಡಾರ ಬಂತು. 1961ರ ಹೊತ್ತಿಗೆ ಉಳಿದವರು 19 ಜನ. ಸ್ವತಂತ್ರ ಭಾರತ ಉಳಿದವರನ್ನು ಸ್ಟ್ರೈಟ್ ದ್ವೀಪಕ್ಕೆ ಸಾಗಿಸಿತು. ಬೋ ಭಾಷೆ ಬಲ್ಲ ಕೊನೆಯ ಮುದುಕಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡಳು. ತನ್ನ ಮಾತು ತಿಳಿಯುವವರು ಯಾರೂ ಇಲ್ಲದೆ ಹಕ್ಕಿಗಳ ಜೊತೆ ಮಾತಾಡುತ್ತಿದ್ದಳಂತೆ. ಭಾಷೆ ತಾನಾಗಿ ಸಾಯುವುದಿಲ್ಲ. ಆಡುವವರನ್ನು ಮೊದಲು ಸಾಯಿಸುತ್ತಾರೆ.

ಪದ್ಮಶ್ರೀ ಕೊಟ್ಟ ಇದೇ ಸರ್ಕಾರದ ಜನಗಣತಿಯಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗೆ ಹೆಸರೂ ಇಲ್ಲ. 1971ರಿಂದ ಅವೆಲ್ಲ ‘ಇತರೆ’. ಒಂದು ಕೈಯಲ್ಲಿ ಪದಕ, ಇನ್ನೊಂದು ಕೈಯಲ್ಲಿ ಅಳಿಸುವ ರಬ್ಬರು!

ಅಂಡಮಾನು ದೂರ ಅನ್ನಬೇಡಿ. ನಮ್ಮ ಕರಾವಳಿಯ ಕೊರಗರ ಭಾಷೆಯ ಮೇಲೆ ಡಿ.ಎನ್. ಶಂಕರ ಭಟ್ಟರ ಪುಸ್ತಕ ಪುಣೆಯ ಡೆಕ್ಕನ್ ಕಾಲೇಜಿನಿಂದ 1971ರಲ್ಲಿ ಬಂತು. ಒಳ್ಳೆಯ ಕೆಲಸ. ಅದೇ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ, ಕಂಬಳದ ಗದ್ದೆಯಲ್ಲಿ ಕೋಣದಂತೆ ಓಡಿಸುವ ಅಜಲು ಪದ್ಧತಿ ನಿಷೇಧಿಸಲು ಕಾನೂನು ಬಂದದ್ದು 2000ದಲ್ಲಿ. ಅವರ ಬಾಯಿಂದ ಹೊರಟ ಮಾತಿಗೆ ಪುಸ್ತಕ ಬಂತು. ಆ ಬಾಯಿಗೆ ಏನು ಹಾಕುತ್ತಿದ್ದಾರೆ ಅಂತ ನೋಡಲು ರಾಜ್ಯಕ್ಕೆ ಮತ್ತೆ 29 ವರ್ಷ ಬೇಕಾಯಿತು.

‘ಭಾಷಾವಿಜ್ಞಾನ ವಿಜ್ಞಾನ ಕಣ್ರೀ, ಸಮಾಜಸೇವೆ ಅಲ್ಲ’ ಅನ್ನುತ್ತಾರೆ. ಒಪ್ಪೋಣ. ವಿಜ್ಞಾನವನ್ನೇ ಕೇಳೋಣ. ಕೀಳು ಭಾಷೆ ಅಂತ ಯಾವುದೂ ಇಲ್ಲ, ಪ್ರತಿ ಮಾತಿಗೂ ತನ್ನದೇ ನಿಯಮ ಇದೆ ಅನ್ನುವುದು ಆ ವಿಜ್ಞಾನದ ಮೊದಲನೇ ಪಾಠ. ‘ಹ’ಕಾರ ಬಿಡುವುದೂ ಒಂದು ನಿಯಮ, ತಪ್ಪಲ್ಲ. ಈ ಪಾಠ ವಿಭಾಗದ ಬಾಗಿಲು ದಾಟಿ ನಮ್ಮೂರ ಶಾಲೆಗೆ ಯಾಕೆ ಬರಲಿಲ್ಲ? ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲೇ ಪ್ರಾಥಮಿಕ ಪಾಠದ ಅನುಕೂಲ ಮಾಡಿ ಅಂತ ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಕೊರಗರ ಮಗು ಯಾವ ಭಾಷೆಯಲ್ಲಿ ಅ, ಆ ಕಲಿಯುತ್ತಿದೆ, ಯಾರಾದರೂ ಹೇಳಿ?

ನಾವು ಕೇಳುವುದು ಭಿಕ್ಷೆ ಅಲ್ಲ. ಮಾತು ಕೊಟ್ಟವರ ಹೆಸರು, ಅವರು ಒಪ್ಪಿದರೆ, ಪುಸ್ತಕದ ಮುಖಪುಟದಲ್ಲೇ ಬರಲಿ. ಟೇಪು, ನಿಘಂಟು ಅವರ ಕೇರಿಗೂ ತಲುಪಲಿ. ಅವರ ಮಕ್ಕಳು ಮಾಹಿತಿ ಕೊಡುವವರಾಗಿಯೇ ಉಳಿಯದೆ ಆ ವಿಭಾಗದ ವಿದ್ಯಾರ್ಥಿ, ಮೇಷ್ಟ್ರು ಆಗಲಿ. ಶಾಲು ಹೊದಿಸುವ ದಿನ ವೇದಿಕೆ ಮೇಲೆ ಇನ್ನೊಂದು ಕುರ್ಚಿ ಹಾಕಿ.

ಹಳ್ಳಿ ಶಾಲೆಯ ಗೆಳೆಯರೇ, ನಿಮಗೂ ಒಂದು ಮಾತು. ನಾಳೆ ಒಂದು ಮಗು ‘ಅಕ್ಕಿ ಆರೋಯ್ತು’ ಅಂದರೆ ಬೆತ್ತ ತೆಗೆಯಬೇಡಿ. ‘ಹೌದು ಮಗಾ, ಎಲ್ಲಿಗೆ ಹಾರಿತು?’ ಅಂತ ಕೇಳಿ. ಅದು ಕೈ ತೋರಿಸುತ್ತದೆ, ಮಾತು ಮುಂದುವರಿಸುತ್ತದೆ. ಪುಸ್ತಕದ ಕನ್ನಡವನ್ನು ಆಮೇಲೆ ನಿಧಾನವಾಗಿ ಕಲಿಸಿ. ಬಾಯಿ ಕಟ್ಟಿದ ಮಗುವಿಗೆ ಯಾವ ಕನ್ನಡವೂ ಬರುವುದಿಲ್ಲ.