ಹಳೆಯ ಚೈನ್ ಟ್ರ್ಯಾಕ್ಟರಿಗೆ ಬಣ್ಣ ಬೇಡ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಟ್ರ್ಯಾಕ್ಟರಿನ ಮಾತೇಕೆ ಎಂದು ನನ್ನ ಸಹಪಾಠಿಗಳು ನಕ್ಕಾರು. ನಗಲಿ. ಇತಿಹಾಸದ ವಿದ್ಯಾರ್ಥಿಗಳಾದ ನಾವು ವೀರಗಲ್ಲು ಕಂಡರೆ ನಿಂತು, ಮಣ್ಣೊರೆಸಿ ಓದುತ್ತೇವೆ. ಅದೇ ಊರಿನ ಬೇಲಿಯೊಳಗೆ ಎಪ್ಪತ್ತು ವರ್ಷದ ಯಂತ್ರವೊಂದು ತುಕ್ಕು ಹಿಡಿದು ಬಿದ್ದಿದ್ದರೆ ಕಣ್ಣೆತ್ತಿಯೂ ನೋಡುವುದಿಲ್ಲ.

ಗಂಗಾವತಿ ಸೀಮೆಯಲ್ಲಿ ನನ್ನ ಸೋದರಮಾವನ ಹೊಲದಲ್ಲಿರುವ ಕ್ಯಾಟರ್‌ಪಿಲ್ಲರ್ ಡಿ-4 ಅಂಥದು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಏರುತಗ್ಗಿನ ಎರೆಹೊಲಗಳನ್ನು ಗದ್ದೆ ಮಾಡಬೇಕಾಯಿತಷ್ಟೆ; ಆ ಕೆಲಸಕ್ಕೆಂದು ಅಜ್ಜ ಹರಾಜಿನಲ್ಲಿ ಕೊಂಡದ್ದು. ಮೂವತ್ತು ವರ್ಷದಿಂದ ಜಾಲಿಯ ಮರದ ಕೆಳಗೆ ನಿಂತಿದೆ. ಈಗ ಅದಕ್ಕೆ ಇಬ್ಬರು ಗಿರಾಕಿಗಳು: ತೂಕದ ಲೆಕ್ಕದಲ್ಲಿ ಕೇಳುವ ಗುಜರಿಯವನೊಬ್ಬ, ಹಳದಿ ಬಣ್ಣ ಬಳಿದು ತನ್ನ ಹೋಟೆಲಿನ ಮುಂದೆ ನಿಲ್ಲಿಸುತ್ತೇನೆಂಬ ಶ್ರೀಮಂತನೊಬ್ಬ. (1931ರ ಕೊನೆಯವರೆಗೆ ಆ ಕಂಪನಿಯ ಯಂತ್ರಗಳು ಬೂದು ಬಣ್ಣದವಾಗಿದ್ದವೆಂದು ಆತನಿಗೆ ಹೇಳಿದೆ, ರುಚಿಸಲಿಲ್ಲ.) ಇಬ್ಬರಿಗೂ ಕೊಡಬಾರದು, ನಡೆಯುವಂತೆ ಮಾಡಿಯೇ ಉಳಿಸಬೇಕು ಎಂಬುದು ನನ್ನ ವಾದ.

ಚೈನ್ ಟ್ರ್ಯಾಕ್ಟರು ಹುಟ್ಟಿದ್ದೇ ಮೆತ್ತನೆಯ ಮಣ್ಣಿನ ಕಷ್ಟದಿಂದ. ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಬಳಿಯ ಜೌಗು ನೆಲದಲ್ಲಿ ಚಕ್ರಗಳು ಹೂತುಹೋಗುತ್ತಿದ್ದುದರಿಂದ ಬೆಂಜಮಿನ್ ಹೋಲ್ಟ್ 1904ರಲ್ಲಿ ಚಕ್ರದ ಬದಲು ಪಟ್ಟಿಯನ್ನು ಹಾಕಿ ನೋಡಿದ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಧ್ಯಭಾರತದ ಬಯಲನ್ನು ಮುತ್ತಿದ್ದ ಕಾಂಸ್ ಹುಲ್ಲಿನ ಬೇರು ಕೀಳಲು ಯುದ್ಧದಲ್ಲಿ ಉಳಿದ ಇಂಥ ಯಂತ್ರಗಳನ್ನೇ ಹೂಡಿದರು. 1949ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ತಂದದ್ದೂ ಈ ಬಗೆಯ ಕೆಲಸದ ಯಂತ್ರಗಳಿಗಾಗಿಯೇ. ಅನ್ನದ ಚರಿತ್ರೆ ಬರೆಯುವವರು ಇವನ್ನು ಬಿಟ್ಟು ಹೇಗೆ ಬರೆದಾರು?

ಇರಲಿ. ಕಳೆದ ಎರಡು ಬೇಸಗೆಯ ರಜೆಯನ್ನು ನಾನು ಆ ಜಾಲಿಯ ನೆರಳಿನಲ್ಲಿಯೇ ಕಳೆದೆ. ಗುರು ಯಾರೆಂದರೆ ಹಿಂದೆ ಅದನ್ನು ನಡೆಸುತ್ತಿದ್ದ ಡ್ರೈವರ್ ಅಜ್ಜ. ವಯಸ್ಸು ಎಂಬತ್ತು ದಾಟಿದೆ. ಈ ಯಂತ್ರದ ಚಾಲೂ ಮಾಡುವ ಕ್ರಮವೇ ವಿಚಿತ್ರ. ದೊಡ್ಡ ಡೀಸೆಲ್ ಎಂಜಿನ್ನನ್ನು ತಿರುಗಿಸಲು ಅದರ ಪಕ್ಕದಲ್ಲಿ ಪೆಟ್ರೋಲಿನ ಎರಡು ಸಿಲಿಂಡರಿನ ಮರಿ ಎಂಜಿನ್ನು. ಮರಿಯ ನೀರೂ ಬಿಸಿ ಹೊಗೆಯೂ ತಾಯಿಯನ್ನು ಬೆಚ್ಚಗೆ ಮಾಡುತ್ತವೆ. ಆಮೇಲೆ ಕಂಪ್ರೆಶನ್ ಲಿವರ್ ಸಡಿಲಿಸಿ, ಕ್ಲಚ್ ಕೂಡಿಸಿ, ದೊಡ್ಡದನ್ನು ಬರಿದೆ ತಿರುಗಿಸುತ್ತಿರಬೇಕು. “ತಮ್ಮಾ, ಎಣ್ಣಿ ಒತ್ತಡ ಏರೂ ಮಟ ಡೀಸೆಲ್ ಬಿಡಬ್ಯಾಡ, ಬೇರಿಂಗು ತಿಂದು ಹಾಕತೈತಿ,” ಎಂದು ಅಜ್ಜ ಹತ್ತು ಸಲವಾದರೂ ಅಂದಿರಬೇಕು.

ಅದಕ್ಕೂ ಮೊದಲು ಪಟ್ಟಣದ ಮೆಕ್ಯಾನಿಕನೊಬ್ಬ ಬಂದು, ಪಂಪು ಹೋಗಿದೆಯೆಂದು ದೊಡ್ಡ ಮೊತ್ತ ಹೇಳಿ ಹೋಗಿದ್ದ. ಅಜ್ಜ ಪಂಪನ್ನು ಮುಟ್ಟಲೇ ಇಲ್ಲ. ಮೇಲಿನ ಮುಚ್ಚಳ ತೆಗೆಸಿ, ಒಂದೊಂದು ವಾಲ್ವನ್ನೂ ಮರದ ತುಂಡಿನಿಂದ ಮೆಲ್ಲಗೆ ತಟ್ಟಿಸಿ ನೋಡಿದರು. ಎರಡು ಬಿಗಿದಿದ್ದವು, ಹಾಗೆಯೇ ತಿರುಗಿಸಿದ್ದರೆ ಅವನ್ನೆತ್ತುವ ಸಲಾಕೆಗಳು ಬಾಗುತ್ತಿದ್ದವಂತೆ. ಎಣ್ಣೆ ಬಿಟ್ಟು ಸಡಿಲಿಸಿದ ಮೇಲೆ ಎಂಜಿನ್ನು ತಿರುಗಿತು, ಹತ್ತಲಿಲ್ಲ. ಹೊಗೆ ಕೊಳವೆಯ ಕಡೆ ಕೈ ಮಾಡಿ, “ಬಿಳಿ ಹೊಗಿನೂ ಇಲ್ಲ ಅಂದ್ರ ಡೀಸೆಲ್ಲೇ ಮುಟ್ಟಿಲ್ಲ” ಎಂದರು. ಟ್ಯಾಂಕಿನ ತಳದಲ್ಲಿ ಬೆರಳುದ್ದ ಕೆಸರು, ಫಿಲ್ಟರಿನಲ್ಲಿ ಅಂಟು. ತೊಳೆದು, ಕೊಳವೆಯ ಗಾಳಿ ತೆಗೆದ ಮರುದಿನ ಅದು ಕೆಮ್ಮಿ ಎದ್ದಿತು. ಮಾವ ಮಾತಾಡದೆ ಹೋಗಿ ತೆಂಗಿನಕಾಯಿ ತಂದರು.

ನಡೆಯಿತು, ಆದರೆ ತಿರುಗಲಿಲ್ಲ! ಇದಕ್ಕೆ ಕಾರಿನಂತೆ ಚಕ್ರವಿಲ್ಲ. ಎಡಗಡೆಯ ಲಿವರ್ ಎಳೆದರೆ ಎಡ ಪಟ್ಟಿಯ ಕ್ಲಚ್ ಬಿಟ್ಟು ಯಂತ್ರ ಎಡಕ್ಕೆ ಹೊರಳಬೇಕು. ತಳದ ಬಿರಡೆ ತೆಗೆಯದೆ ನಾವೇ ನಿಲ್ಲಿಸಿದ್ದರಿಂದ ಮಳೆನೀರು ನಿಂತು ಕ್ಲಚ್ಚಿನ ತಟ್ಟೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಲಿವರನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿ, ಆ ಕಡೆಯ ಬ್ರೇಕು ಒತ್ತಿ, ಹಿಂದೆ ಮುಂದೆ ಜಗ್ಗಿಸಿದೆವು. ಬಲಗಡೆಯದು ನಾಲ್ಕನೆಯ ದಿನ ಬಿಟ್ಟಿತು.

ಇಷ್ಟೆಲ್ಲ ಖರ್ಚು ಯಾತಕ್ಕೆ ಎಂದು ಮಾವ ಕೇಳುವುದರಲ್ಲಿ ನ್ಯಾಯವಿದೆ. ಪಟ್ಟಿಯ ಪಿನ್ನುಗಳೂ ಬುಷ್ಷುಗಳೂ ಒಂದು ಮಗ್ಗುಲು ಸವೆದಿವೆ. ಅರ್ಧ ಸುತ್ತು ತಿರುಗಿಸಿ ಹಾಕಿದರೆ ಇನ್ನಷ್ಟು ವರ್ಷ ಬಂದಾವು, ಆದರೆ ಅದನ್ನು ಒತ್ತಿ ತೆಗೆಯುವ ಯಂತ್ರಕ್ಕೆ ಬಾಡಿಗೆ ಕೊಡಬೇಕು. ಉಳುಮೆಗೆ ಇದು ಇನ್ನು ಬೇಕಿಲ್ಲ, ಒಪ್ಪಿದೆ. ಆದರೆ ಹೋಟೆಲಿನ ಮುಂದೆ ನಿಂತ ಬಣ್ಣದ ಕಬ್ಬಿಣಕ್ಕೆ ಅಜ್ಜನ ಅಗತ್ಯವಿಲ್ಲ. ನಡೆಯುವ ಯಂತ್ರಕ್ಕಿದೆ. ಅವರು ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೆ ಎಂಜಿನ್ನಿನ ಸದ್ದು ಕೇಳಿ “ಮೂರನೇದು ಸುಮ್ಮನೈತಿ” ಎಂದರಲ್ಲ, ಅದನ್ನು ಬರೆದುಕೊಳ್ಳುವುದು ಹೇಗೆ? ಆ ಕಿವಿ ಇನ್ನೊಬ್ಬರಿಗೆ ಬರಬೇಕಾದರೆ ಅದು ಓಡುತ್ತಿರಬೇಕು, ಕೆಡುತ್ತಲೂ ಇರಬೇಕು.

ಎಡಗಡೆಯ ಕ್ಲಚ್ ಇನ್ನೂ ಬಿಟ್ಟಿಲ್ಲ. ಲಿವರನ್ನು ಹಗ್ಗದಲ್ಲಿ ಕಟ್ಟಿಟ್ಟೇ ಕಾಲೇಜಿಗೆ ಮರಳಿದ್ದೇನೆ. ಗುಜರಿಯವನು ದೀಪಾವಳಿಯ ನಂತರ ಬರುತ್ತೇನೆಂದಿದ್ದಾನೆ. ಮಾವ ಅಲ್ಲಿಯವರೆಗೆ ಅವಧಿ ಕೊಟ್ಟಿದ್ದಾರೆ. ರಜೆಗೆ ಸ್ಪ್ಯಾನರ್ ಹಿಡಿಯಲು ಮನಸ್ಸಿರುವವರು ನನ್ನೊಡನೆ ಬರಬಹುದು.