ಮೊದಲು ತಲುಪಿದವರ ಬರಹ

ರೋಗಿಯು ಆಸ್ಪತ್ರೆಯ ಹೊಸ್ತಿಲನ್ನು ದಾಟುವುದಕ್ಕೆ ಮುನ್ನ ಕಳೆದುಹೋಗುವ ಅರ್ಧ ಗಂಟೆಯೋ ಒಂದು ಗಂಟೆಯೋ ಆದ ಅವಧಿಯು ಎಷ್ಟೋ ಸಂದರ್ಭಗಳಲ್ಲಿ ಅವನ ಅಳಿವು ಉಳಿವುಗಳನ್ನು ನಿರ್ಣಯಿಸತಕ್ಕುದಾಗಿದ್ದರೂ, ಆ ಅವಧಿಯನ್ನು ಕುರಿತ ಶಾಸ್ತ್ರಸಾಹಿತ್ಯವನ್ನು ಬಹುಕಾಲದವರೆಗೆ ರಚಿಸಿದವರು ಆಗ ಅವನ ಪಕ್ಕದಲ್ಲಿ ಕುಳಿತಿದ್ದವರಲ್ಲ. ಕುಳಿತಿದ್ದವರು ಆಂಬುಲೆನ್ಸಿನ ಪ್ಯಾರಾಮೆಡಿಕ್‌ಗಳು, ಬರೆದವರು ವೈದ್ಯರು. ವೈದ್ಯರ ಬರಹವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪ್ಯಾರಾಮೆಡಿಕ್ ವಿದ್ಯೆಯನ್ನು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಅಭ್ಯಸಿಸುತ್ತಿರುವ ತರುಣ ತರುಣಿಯರು ತಾವು ಶ್ರಮಪಟ್ಟು ಬರೆದ ಪ್ರಬಂಧಗಳನ್ನು ಅಂಕಗಳಿಗಾಗಿ ಒಪ್ಪಿಸಿ ಸುಮ್ಮನಾಗದೆ ಪ್ರಕಟಣೆಗೆ ತರಬೇಕೆಂದೂ, ಅದಕ್ಕೆ ಬೇಕಾದ ಒತ್ತಾಸೆಯನ್ನು ಅವರ ಗುರುಗಳು ಕೊಡಬೇಕೆಂದೂ ನಾನು ಆಗ್ರಹಪಡಿಸಬಯಸುತ್ತೇನೆ.

ಪ್ರಕಟವಾದ ಒಂದೇ ಒಂದು ಲೇಖನವು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಈ ವೃತ್ತಿಯ ಚರಿತ್ರೆಯೇ ಸಾಕ್ಷಿಯಾಗಿದೆ. 1966ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಫ್ರಾಂಕ್ ಪ್ಯಾಂಟ್ರಿಜ್ ಮತ್ತು ಜಾನ್ ಗೆಡೆಸ್ ಎಂಬ ವೈದ್ಯರು, ಹೃದಯಾಘಾತಕ್ಕೆ ಗುರಿಯಾದವರಲ್ಲಿ ಅನೇಕರು ಆಸ್ಪತ್ರೆಯನ್ನು ತಲುಪುವ ಮೊದಲೇ ಪ್ರಾಣ ಬಿಡುತ್ತಿದ್ದುದನ್ನು ಮನಗಂಡು, ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋಗ್ರಾಂ ತೂಕದ, ವಿದ್ಯುದಾಘಾತದಿಂದ ಹೃದಯದ ಲಯವನ್ನು ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರವನ್ನು ಆಂಬುಲೆನ್ಸಿನಲ್ಲಿರಿಸಿಕೊಂಡು ರೋಗಿಯ ಮನೆಬಾಗಿಲಿಗೇ ಹೋಗತೊಡಗಿದರು. ಹದಿನೈದು ತಿಂಗಳಲ್ಲಿ 312 ರೋಗಿಗಳನ್ನು ನೋಡಿದ ಆ ಅನುಭವವನ್ನು 1967ರ ಆಗಸ್ಟ್ ತಿಂಗಳ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೃದಯ ಸ್ತಂಭಿಸಿಹೋಗಿದ್ದ ಹತ್ತು ಮಂದಿಯಲ್ಲಿ ಐವರು ಬದುಕಿ ಮನೆಗೆ ಮರಳಿದರೆಂಬುದು ಅದರಲ್ಲಿದ್ದ ವಾರ್ತೆ. ಸಂಖ್ಯೆಯು ಅಲ್ಪವೇ ಸರಿ. ಆದರೆ ಮರುವರ್ಷವೇ ನ್ಯೂಯಾರ್ಕಿನ ಆಸ್ಪತ್ರೆಯೊಂದು ಅದೇ ಕ್ರಮವನ್ನು ಅನುಸರಿಸಿತು. ಅನಂತರ ಮಯಾಮಿ, ಸಿಯಾಟಲ್ ಮೊದಲಾದ ನಗರಗಳಲ್ಲಿ ಅಗ್ನಿಶಾಮಕ ದಳದವರಿಗೆ ಈ ಚಿಕಿತ್ಸೆಯನ್ನು ಕಲಿಸಲಾಯಿತು. ಬೆಲ್‌ಫಾಸ್ಟಿನ ಅನುಭವವು ದಾಖಲೆಯ ಪುಸ್ತಕದಲ್ಲಿಯೇ ಉಳಿದಿದ್ದರೆ, ಅದರ ಪ್ರಯೋಜನವು ಆ ಊರಿನ ಎಲ್ಲೆಯನ್ನು ದಾಟಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ ಯಾರು ಬಲ್ಲರು?

ಇದಕ್ಕೆ ಪ್ರತಿಯಾಗಿ ನನ್ನ ಮನಸ್ಸನ್ನು ನೋಯಿಸುವ ಇನ್ನೊಂದು ನಿದರ್ಶನವುಂಟು. ಅದೇ 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡವರ ವಸತಿಯಲ್ಲಿ, ಉದ್ಯೋಗವಿಲ್ಲದೆ ಇದ್ದ ಕಪ್ಪು ಜನಾಂಗದ ತರುಣರಿಗೆ ಪೀಟರ್ ಸಫಾರ್ ಎಂಬ ವೈದ್ಯರು ರೂಪಿಸಿದ ಕ್ರಮದಲ್ಲಿ ಶಿಕ್ಷಣವನ್ನಿತ್ತು, ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಯನ್ನು ಸ್ಥಾಪಿಸಲಾಯಿತು. 1975ರಲ್ಲಿ ನಗರಾಡಳಿತವು ತನ್ನದೇ ಸೇವೆಯನ್ನು ಆರಂಭಿಸಿದಾಗ ಅದು ಮುಚ್ಚಿಹೋಯಿತು. ಅದರ ಕೊನೆಯ ವರ್ಷಗಳಲ್ಲಿ ವೈದ್ಯಕೀಯ ನಿರ್ದೇಶಕಿಯಾಗಿದ್ದ ನ್ಯಾನ್ಸಿ ಕ್ಯಾರೋಲಿನ್ ಅವರು ಬರೆದ ಪಠ್ಯಗ್ರಂಥವು ಪ್ಯಾರಾಮೆಡಿಕ್ ಶಿಕ್ಷಣಕ್ಕೆ ಆಧಾರವಾಗಿ ತಲೆಮಾರುಗಳ ಕಾಲ ಬಾಳಿತು. ಕ್ಯಾರೋಲಿನ್ ಆ ತರುಣರ ಪರವಾಗಿ ನಿಂತು ಹೋರಾಡಿದವರು, ಅವರಲ್ಲಿ ದೋಷವನ್ನೆಣಿಸುವುದಕ್ಕಿಲ್ಲ. ಆದರೂ ಬೀದಿಯಲ್ಲಿ, ಮೆಟ್ಟಿಲುಗಳ ಮೇಲೆ, ಇಕ್ಕಟ್ಟಾದ ಕೋಣೆಗಳಲ್ಲಿ ಆ ವಿದ್ಯೆಯನ್ನು ಮೊದಲು ಆಚರಿಸಿ ತೋರಿಸಿದವರ ಹೆಸರುಗಳು ದಶಕಗಳವರೆಗೆ ಲೋಕಕ್ಕೆ ಅಪರಿಚಿತವಾಗಿಯೇ ಉಳಿದುವು.

ಈಗಿನ ಸ್ಥಿತಿ ಬೇರೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದೀಚೆಗೆ ಪ್ಯಾರಾಮೆಡಿಕ್ ಶಿಕ್ಷಣಕ್ಕೆ ಸ್ನಾತಕ ಪದವಿಯೇ ಕನಿಷ್ಠ ಮಟ್ಟವೆಂದು ಗೊತ್ತುಮಾಡಲಾಗಿದೆ. ಆ ವೃತ್ತಿಯವರದೇ ಆದ ‘ಬ್ರಿಟಿಷ್ ಪ್ಯಾರಾಮೆಡಿಕ್ ಜರ್ನಲ್’ ಎಂಬ ಪತ್ರಿಕೆಯೂ ಇದೆ. ಹೃದಯ ನಿಂತವನಿಗೆ ಶ್ವಾಸನಾಳದೊಳಕ್ಕೆ ಕೊಳವೆಯನ್ನಿಳಿಸುವುದು ಮೇಲೋ, ಗಂಟಲಲ್ಲಿ ನಿಲ್ಲುವ ಸರಳವಾದ ಸಾಧನವು ಮೇಲೋ ಎಂಬುದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ‘ಏರ್‌ವೇಸ್-2’ ಅಧ್ಯಯನದಲ್ಲಿ ಇಂಗ್ಲೆಂಡಿನ 1,523 ಪ್ಯಾರಾಮೆಡಿಕ್‌ಗಳು ಭಾಗವಹಿಸಿದರು; 9,296 ರೋಗಿಗಳನ್ನೊಳಗೊಂಡ ಆ ಪರೀಕ್ಷೆಯಲ್ಲಿ ಎರಡು ಕ್ರಮಗಳಿಗೂ ಗಣನೀಯವಾದ ಅಂತರ ಕಾಣಲಿಲ್ಲ. ಅಂತಹ ಬೃಹತ್ ಕಾರ್ಯವನ್ನು ವಿದ್ಯಾರ್ಥಿಯಿಂದ ಯಾರೂ ಅಪೇಕ್ಷಿಸುವುದಿಲ್ಲ. ಎಚ್ಚರದಿಂದ ಬರೆದ ಒಬ್ಬ ರೋಗಿಯ ವೃತ್ತಾಂತ, ಸಂಪಾದಕರಿಗೊಂದು ಪತ್ರ, ಒಂದು ಪ್ರಶ್ನೆಯನ್ನು ಹಿಡಿದು ಪೂರ್ವಸಾಹಿತ್ಯವನ್ನು ಶೋಧಿಸಿದ ಸಮೀಕ್ಷೆ, ಆಂಬುಲೆನ್ಸು ಕರೆ ಬಂದೊಡನೆ ಹೊರಟು ತಲುಪುವಷ್ಟರಲ್ಲಿ ಎಲ್ಲೆಲ್ಲಿ ಕಾಲ ವ್ಯಯವಾಯಿತೆಂಬ ಲೆಕ್ಕ, ಇವೂ ಜ್ಞಾನವೇ ಆಗಿವೆ.

ವಿದ್ಯಾರ್ಥಿಗೆ ಇಲ್ಲಿ ಅಡ್ಡಬರುವುದು ಬುದ್ಧಿಯ ಕೊರತೆಯಲ್ಲ. ತಾನು ಬರೆದುದನ್ನು ಅಪರಿಚಿತರಾದ ತಜ್ಞರು ಪರಿಶೀಲಿಸಿ ತಿದ್ದಿ ಹಿಂದಿರುಗಿಸುವರೆಂಬ ಭೀತಿ. ತಿದ್ದುಪಡಿಯ ಸೂಚನೆಯೊಡನೆ ಲೇಖನವು ಹಿಂದಕ್ಕೆ ಬರುವುದು ನಿತ್ಯದ ಸಂಗತಿಯೆಂದು ಹೇಳಿ, ಎರಡನೆಯ ಸಲ ಬರೆಯಲು ಅವನೊಡನೆ ಕೂರತಕ್ಕವರು ಗುರುಗಳಲ್ಲದೆ ಮತ್ತಾರು? ಹಣ ತೆತ್ತರೆ ಯಾವುದನ್ನಾದರೂ ಅಚ್ಚುಹಾಕುವ ಕಪಟ ಜರ್ನಲ್‌ಗಳಿಂದ ಅವನನ್ನು ಕಾಪಾಡಬೇಕಾದವರೂ, ರೋಗಿಯ ಒಪ್ಪಿಗೆಯನ್ನು ಪಡೆಯುವ ಹಾಗೂ ಅವನ ಗುರುತನ್ನು ಮರೆಮಾಡುವ ಧರ್ಮವನ್ನು ಕಲಿಸಬೇಕಾದವರೂ ಅವರೇ. ಇಲ್ಲಿ ಒಂದು ಕಠಿಣವಾದ ಮಾತನ್ನು ಆಡಲೇಬೇಕಾಗಿದೆ: ದುಡಿಯದೆ ಇದ್ದ ಹಿರಿಯರ ಹೆಸರನ್ನು ವಿದ್ಯಾರ್ಥಿಯ ಹೆಸರಿಗಿಂತ ಮುಂದೆ ಸೇರಿಸುವ ಪದ್ಧತಿಯು ಎಲ್ಲಿಯೇ ಇರಲಿ, ಅದು ಅನ್ಯಾಯ.

ನಮ್ಮ ನಾಡಿಗೆ ಈ ವಿಷಯವು ದೂರದ್ದೇನೂ ಅಲ್ಲ. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ವೆಂಬ ಹೆಸರಿನಲ್ಲಿ ಆರಂಭವಾದ 108 ಸೇವೆಯು ಇಂದು ಹಳ್ಳಿಹಳ್ಳಿಗೂ ಪರಿಚಿತವಾಗಿದೆ, ತುರ್ತು ಚಿಕಿತ್ಸೆಯನ್ನು ಪದವಿ ಮಟ್ಟದಲ್ಲಿ ಕಲಿಯುವ ಅವಕಾಶವೂ ಇಲ್ಲಿ ಒದಗಿದೆ, 2021ರ ಕೇಂದ್ರ ಶಾಸನವು ವೈದ್ಯಪೂರಕ ವೃತ್ತಿಗಳ ಶಿಕ್ಷಣಕ್ಕೆ ರಾಷ್ಟ್ರೀಯ ಆಯೋಗವೊಂದನ್ನು ವಿಧಿಸಿದೆ. ಮಳೆಗಾಲದಲ್ಲಿ ಕಾಲುಸಂಕದ ಆಚೆಗೆ ಉಳಿದುಹೋದ ಮಲೆನಾಡಿನ ಮನೆಯಿಂದ ರೋಗಿಯನ್ನು ಜೋಲಿಯಲ್ಲಿ ಹೊತ್ತು ರಸ್ತೆಗೆ ತರುವಾಗ ಅವನ ಉಸಿರಾಟವನ್ನು ಹೇಗೆ ಗಮನಿಸುತ್ತಿರಬೇಕು, ಹಾವು ಕಚ್ಚಿದವನ ಕಾಲಿಗೆ ಮನೆಯವರು ಬಿಗಿದಿರುವ ಹಗ್ಗವನ್ನು ಕಂಡಾಗ ಮಾಡಬೇಕಾದುದೇನು, ಓಡುವ ವಾಹನದಲ್ಲಿಯೇ ಹೆರಿಗೆಯಾದರೆ ಕೂಸನ್ನು ಬೆಚ್ಚಗಿಡುವುದೆಂತು ಎಂಬಿವುಗಳನ್ನು ನಮ್ಮ ನೆಲದ ಅನುಭವದಿಂದ ಬರೆಯಬಲ್ಲವರು ವಾಹನದ ಹಿಂಬದಿಯಲ್ಲಿ ಕುಳಿತ ನಮ್ಮ ಇ.ಎಂ.ಟಿ.ಗಳೂ (ತುರ್ತು ವೈದ್ಯಕೀಯ ತಂತ್ರಜ್ಞರೂ) ಅವರೊಡನೆ ತರಬೇತಿಗೆ ಹೋಗುವ ವಿದ್ಯಾರ್ಥಿಗಳೂ ಆಗಿದ್ದಾರೆ. ಬೆಲ್‌ಫಾಸ್ಟಿನಲ್ಲಿ ಕುಳಿತವರು ಇದನ್ನು ನಮಗಾಗಿ ಬರೆದುಕೊಡಲಾರರು.

ರೆಕ್ಸಿನ್ ರಟ್ಟು ಹಾಕಿಸಿ ಒಪ್ಪಿಸಿದ ಪ್ರಾಜೆಕ್ಟ್ ವರದಿಗಳು ಮೌಲ್ಯಮಾಪನದ ಮರುದಿನದಿಂದ ಗ್ರಂಥಾಲಯದ ಬೀರುವಿನಲ್ಲಿ ಧೂಳು ಹಿಡಿಯುವುದನ್ನು ನಿಲ್ಲಿಸಲು ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಪ್ರತಿಯೊಂದು ವರದಿಯೊಡನೆ, 108ರ ಸಿಬ್ಬಂದಿಯೂ ಓದಬಹುದಾದಂತಹ ಕನ್ನಡದ ಸಂಗ್ರಹವೊಂದನ್ನು ಕಡ್ಡಾಯ ಮಾಡಬಹುದು. ಅವುಗಳಲ್ಲಿ ಯೋಗ್ಯವಾದುವನ್ನು ಆರಿಸಿ ಜರ್ನಲ್‌ಗೆ ಕಳುಹಿಸುವಷ್ಟರ ಮಟ್ಟಿಗೆ ತಿದ್ದಿಸಲು ಅಂತಿಮ ವರ್ಷದವರಿಗೆ ವಾರಕ್ಕೊಂದು ಅವಧಿಯೂ, ಆ ಅವಧಿಯ ಹೊಣೆಯನ್ನು ಹೊತ್ತ ಒಬ್ಬ ಅಧ್ಯಾಪಕರೂ ಇದ್ದರೆ ಸಾಕು. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗಲೇ ನಮ್ಮ ಪ್ರಾಂಶುಪಾಲರು ಆ ಒಂದು ಅವಧಿಯನ್ನು ತೆಗೆದಿರಿಸಲಿ.